ಹಂಪ್ ದಾಟಿದಾಗ ಬರೋ ಆ ‘ಟಕ್’ ಎಲ್ಲಿಂದ?

ನಮ್ಮ ಹಾಸ್ಟೆಲ್ ಗೇಟಿನ ಮುಂದೆ ಒಂದು ಹಂಪ್ ಇದೆ. ಅದರ ಮೇಲೆ ಯಾವ ಕಾರು ಹೋದರೂ ನಾವು ಮೂರು ಜನ ಮಾತು ನಿಲ್ಲಿಸಿ ಕಿವಿ ಕೊಡ್ತೀವಿ. ಕೆಟ್ಟ ಚಟ, ಒಪ್ಪಿಕೊಳ್ತೀವಿ. ಇದು ಹತ್ತಿದ್ದು ನಮ್ಮಲ್ಲೊಬ್ಬನ ಚಿಕ್ಕಪ್ಪನ ಕಾರಿನಿಂದ.

ಎರಡು ಬಾಗಿಲಿನ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಹಿಂದಿನ ಓನರ್ ಕಾರನ್ನು ತಗ್ಗಿಸಿ ಕಾಯಿಲೋವರ್ ಮತ್ತು ಪಾಲಿಯುರೆಥೇನ್ ಬುಷ್ ಹಾಕಿಸಿದ್ದರಂತೆ. ಚಿಕ್ಕಪ್ಪ ಅದರಲ್ಲೇ ದಿನಾ ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರ್ತಾರೆ. ನೈಸ್ ರಸ್ತೆಯಲ್ಲಿ ಸ್ವರ್ಗ. ಲೇಔಟ್ ಒಳಗೆ ಬಂದ ಕೂಡಲೇ ಟಕ್, ಕಿರ್‌ರ್, ಟಣ್. ವಾರಕ್ಕೊಮ್ಮೆ ಅಜ್ಜಿಯನ್ನು ಮಂಡಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದೂ ಇದರಲ್ಲೇ. ಅಜ್ಜಿ ಒಂದು ದಿನ “ಎತ್ತಿನಗಾಡಿನೇ ವಾಸಿ ಕಣೋ, ನಾನು ಆಟೋದಲ್ಲಿ ಹೋಗ್ತೀನಿ” ಅಂದುಬಿಟ್ಟರು. ಗ್ಯಾರೇಜಿನಲ್ಲಿ ಕೇಳಿದರೆ, “ಕಾಯಿಲೋವರ್ ಅಂದ್ರೆ ಹೀಗೇ ಸಾರ್, ಸೌಂಡ್ ಬಂದೇ ಬರುತ್ತೆ.”

ಈ ಮಾತು ನಿಜವೇ ಅಂತ ನೋಡೋಕೆ ಪೆನ್ನು ಪೇಪರ್ ಸಾಕು. ಒಂದು ಚಕ್ರದ ಮೇಲೆ 250 ಕೆ.ಜಿ. ಭಾರ ಕೂತಿದೆ ಅಂದ್ಕೊಳ್ಳಿ. ಸಾಧಾರಣ ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗೋಕೆ 25 ನ್ಯೂಟನ್ ಬೇಕಾದರೆ, ಆ ಮೂಲೆ ಸೆಕೆಂಡಿಗೆ ಸುಮಾರು 1.6 ಸಲ ಮೇಲೆ ಕೆಳಗೆ ಆಡುತ್ತೆ. ಕಾಯಿಲೋವರ್‌ನವರು ‘5 ಕೆ.ಜಿ. ಸ್ಪ್ರಿಂಗ್’ ಅಂತಾರಲ್ಲ, ಅದು ಮಿಲಿಮೀಟರಿಗೆ 49 ನ್ಯೂಟನ್. ಗಡಸುತನ ಹತ್ತಿರ ಹತ್ತಿರ ಎರಡರಷ್ಟಾದರೂ, ಲೆಕ್ಕದಲ್ಲಿ ವರ್ಗಮೂಲ ಇರೋದರಿಂದ ಆಟ ಏರೋದು ಸೆಕೆಂಡಿಗೆ 2.2 ಸಲಕ್ಕೆ ಮಾತ್ರ. ನಮ್ಮ ಕಿವಿಗೆ 20 ಹರ್ಟ್ಜ್‌ಗಿಂತ ಕೆಳಗಿನದು ಸದ್ದಾಗಿ ಕೇಳಿಸೋದೇ ಕಷ್ಟ. ಅಂದರೆ ಗಟ್ಟಿ ಸ್ಪ್ರಿಂಗ್ ಗೊತ್ತಾಗೋದು ಬೆನ್ನಿಗೆ. ಕಿವಿಗೆ ಬರೋ ಸದ್ದಿಗೆ ಬೇರೆ ಯಾರೋ ಕಾರಣ.

ಆ ‘ಬೇರೆ ಯಾರೋ’ ಸಾಮಾನ್ಯವಾಗಿ ಒಬ್ಬರಲ್ಲ. ಕಾರ್ಖಾನೆಯಿಂದ ಬರುವ ರಬ್ಬರ್ ಬುಷ್ ಮೆತ್ತಗಿರುತ್ತೆ, ಸಣ್ಣ ಪೆಟ್ಟನ್ನು ತಾನೇ ನುಂಗುತ್ತೆ. ಅದನ್ನು ತೆಗೆದು ಗಟ್ಟಿ ಬುಷ್ ಹಾಕಿದರೆ ಸ್ಟೀರಿಂಗ್ ಚುರುಕಾಗುತ್ತೆ, ಆದರೆ ಎಲ್ಲೋ ಒಂದು ಕಡೆ ಇರೋ ಸಣ್ಣ ಪ್ಲೇ ಕೂಡ ಬಾಡಿಗೆ ತಟ್ಟಿ ಒಳಗೆ ಕೇಳಿಸುತ್ತೆ. ರಬ್ಬರ್ ಇದ್ದಾಗ ಮುಚ್ಚಿಹೋಗಿದ್ದ ತಪ್ಪುಗಳೆಲ್ಲ ಈಗ ಬಾಯಿ ಬಿಡುತ್ತವೆ.

ನಾವು ಮೊದಲು ಮಾಡಿದ ಕೆಲಸ ಡಿಕ್ಕಿ ಖಾಲಿ ಮಾಡಿದ್ದು. ನಗಬೇಡಿ, ಜಾಕಿ ಅದರ ಜಾಗದಲ್ಲಿ ಕೂತಿರಲಿಲ್ಲ. ಆಮೇಲೆ ಹಂಪ್ ಮೇಲೆ ನಿಧಾನಕ್ಕೆ ಹೋಗ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದು ನೋಡಿದೆವು. ಬ್ರೇಕ್ ಒತ್ತಿದಾಗ ಸದ್ದು ನಿಂತರೆ ಅದು ಸಸ್ಪೆನ್ಷನ್ ಅಲ್ಲ, ಪ್ಯಾಡ್ ಅಲ್ಲಾಡ್ತಿದೆ ಅಂತ. ನಮ್ಮದು ನಿಲ್ಲಲಿಲ್ಲ. (ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟೋಕೆ. ನಮ್ಮ ಲೇಔಟಿನವು ಕಾಂಪೌಂಡ್ ಗೋಡೆ ಅಡ್ಡ ಮಲಗಿಸಿದ ಹಾಗಿವೆ.)

‘ಕಿರ್‌ರ್’ ಸುಲಭಕ್ಕೆ ಸಿಕ್ಕಿತು. ಆಂಟಿ ರೋಲ್ ಬಾರ್ ತನ್ನ ಪಾಲಿಯುರೆಥೇನ್ ಬುಷ್ ಒಳಗೆ ತಿರುಗಬೇಕು. ಗ್ರೀಸ್ ಒಣಗಿದರೆ ಅಂಟಿಕೊಂಡು, ಜಾರಿ, ಮತ್ತೆ ಅಂಟಿಕೊಳ್ಳುತ್ತೆ. ಪಿಟೀಲಿನ ತಂತಿ ಮೇಲೆ ಕಮಾನು ಮಾಡೋದೂ ಇದನ್ನೇ, ಅಲ್ಲಿ ಮಾತ್ರ ಕೇಳೋಕೆ ಚೆನ್ನಾಗಿರುತ್ತೆ. ಯಾವ ಬುಷ್ ಅಂತ ಹುಡುಕೋಕೆ ಒಂದೊಂದಕ್ಕೇ ನೀರು ಚಿಮುಕಿಸಿ ಕಾರನ್ನು ಮೇಲಿಂದ ಒತ್ತಿ ನೋಡಿ. ಸದ್ದು ತಾತ್ಕಾಲಿಕವಾಗಿ ನಿಂತಿತೋ, ಅದೇ ಕಳ್ಳ. ಬಿಚ್ಚಿ, ಒರೆಸಿ, ಸಿಲಿಕೋನ್ ಗ್ರೀಸ್ ಹಾಕಬೇಕು. ಕೈಗೆ ಸಿಕ್ಕ ಮಾಮೂಲಿ ಗ್ರೀಸ್ ಬೇಡ, ಅದು ಹತ್ತಿರದ ರಬ್ಬರ್ ಭಾಗಗಳನ್ನು ಊದಿಸಿ ಹಾಳು ಮಾಡುತ್ತೆ.

‘ಟಣ್’ ಬರ್ತಿದ್ದದ್ದು ಹಂಪ್ ಇಳಿಯುವಾಗ. ಕಾಯಿಲೋವರ್‌ನ ಸ್ಪ್ರಿಂಗ್ ಗಿಡ್ಡ. ಚಕ್ರ ಪೂರ್ತಿ ಕೆಳಗೆ ಇಳಿಬಿದ್ದಾಗ ಅದು ಸಡಿಲವಾಗಿ ತನ್ನ ಸೀಟಿನಿಂದ ಎದ್ದು, ಮತ್ತೆ ಬಂದು ಕೂರುತ್ತೆ. ಮೇಲೊಂದು ತೆಳ್ಳಗಿನ ಹೆಲ್ಪರ್ ಸ್ಪ್ರಿಂಗ್ ಹಾಕಿದರೆ ದೊಡ್ಡ ಸ್ಪ್ರಿಂಗ್ ಯಾವಾಗಲೂ ಸೀಟಿಗೆ ಒತ್ತಿಕೊಂಡೇ ಇರುತ್ತೆ. ಆಸನದಲ್ಲಿ ರಬ್ಬರ್ ಪ್ಯಾಡ್ ಕೂಡ ಇಟ್ಟೆವು.

ತಲೆ ತಿಂದದ್ದು ‘ಟಕ್’. ಸಣ್ಣ ಸಣ್ಣ ಗುಂಡಿಗೆ ಕಟಕಟ ಅಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಕಾರು ತಗ್ಗಿಸಿದ ಮೇಲೆ ಅದರ ಉದ್ದ ಹೊಂದಿಕೆಯಾಗದೆ, ತುದಿಯ ಬಾಲ್ ಓರೆಯಾಗೇ ದುಡಿದು ಬೇಗ ಸವೆಯುತ್ತೆ. ಒಂದೇ ಚಕ್ರಕ್ಕೆ ಜಾಕಿ ಕೊಟ್ಟು ಅಲ್ಲಾಡಿಸಿದರೆ ಇದು ಗೊತ್ತಾಗಲ್ಲ, ಯಾಕಂದರೆ ಆಗ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿ ಹಿಡಿದಿರುತ್ತೆ. ಗ್ಯಾರೇಜಿನಲ್ಲಿ “ಎಲ್ಲಾ ಸರಿ ಇದೆ” ಅಂದದ್ದು ಹೀಗೇ ನೋಡಿ ಇರಬೇಕು. ನಾವು ಎರಡೂ ಲಿಂಕ್ ಬಿಚ್ಚಿ, ಬಾರನ್ನು ಎತ್ತಿ ಕಟ್ಟಿ, ಖಾಲಿ ಬೀದಿಯಲ್ಲಿ ನಡೆಯುವ ವೇಗದಲ್ಲಿ ಓಡಿಸಿದೆವು. ಕಟಕಟ ಮುಕ್ಕಾಲು ಪಾಲು ಹೋಯಿತು. ಆದರೆ ಸ್ಟೀರಿಂಗ್ ತಿರುಗಿಸಿ ಹಂಪ್ ಹತ್ತಿದಾಗ ಇನ್ನೂ ಒಂದೇ ಒಂದು, ಮಂದವಾದ ಟಕ್.

ಆ ಉಳಿದ ಕಾಲು ಪಾಲನ್ನು ‘ಕಾಯಿಲೋವರ್ ಅಂದ್ರೆ ಹೀಗೇ’ ಅಂತ ಬಿಟ್ಟುಬಿಡೋಣ ಅನ್ನಿಸಿತ್ತು, ಸಂಜೆ ಆರಾಗಿತ್ತು, ಮೆಸ್‌ನಲ್ಲಿ ಅವತ್ತು ಪೂರಿ ಬೇರೆ. ಬಿಡದೆ ಇದ್ದದ್ದು ಒಳ್ಳೆಯದಾಯಿತು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ತೂಗಾಡುವ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆವು. ಎಡಗಡೆ ಅಲ್ಲಾಡಿತು. ಒಬ್ಬ ಒಳಗೆ ಕೂತು ಬ್ರೇಕ್ ಒತ್ತಿದ. ಚಕ್ರದ ಬೇರಿಂಗ್ ಸವೆದಿದ್ದರೆ ಆಗ ಆಟ ನಿಲ್ಲಬೇಕು. ನಿಲ್ಲಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಲೋಯರ್ ಆರ್ಮ್‌ನ ಬಾಲ್ ಜಾಯಿಂಟ್ ಮೇಲಿನ ರಬ್ಬರ್ ಟೋಪಿ ಹರಿದು, ಒಳಗೆ ಗ್ರೀಸ್ ಬದಲು ಕೆಂಪು ಮಣ್ಣು. ಈ ಜಾಯಿಂಟ್ ಕಳಚಿದರೆ ಚಕ್ರ ಹೊರಗೆ ಮಡಚಿಕೊಳ್ಳುತ್ತೆ, ಸ್ಟೀರಿಂಗ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ನೈಸ್ ರಸ್ತೆಯ ವೇಗದಲ್ಲಿ ಅದಾಗಿದ್ದರೆ? ನಾವು ಮೂವರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಚಿಕ್ಕಪ್ಪ ಆಫೀಸಿಗೆ ನಾಲ್ಕು ದಿನ ಬಸ್ಸಿನಲ್ಲಿ ಹೋದರು.

ಹೊಸ ಬಾಲ್ ಜಾಯಿಂಟ್ ಮತ್ತು ಉದ್ದ ಹೊಂದಿಸಬಹುದಾದ ಲಿಂಕ್ ರಾಡ್‌ಗಳನ್ನು ಬೇರೊಂದು ಗ್ಯಾರೇಜಿನಲ್ಲಿ ಹಾಕಿಸಿದೆವು. ಅಲ್ಲಿ ನಿಂತು ಒಂದು ವಿಷಯಕ್ಕೆ ಜಗಳವಾಡಬೇಕಾಯಿತು. ಹಿಂಭಾಗದ ಆರ್ಮ್‌ಗಳಲ್ಲಿ ಇನ್ನೂ ರಬ್ಬರ್ ಬುಷ್‌ಗಳೇ ಇದ್ದವು. ಅವುಗಳ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಟೈಟ್ ಮಾಡಬಾರದು. ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತೆ, ಹಾಗಾಗಿ ಕಾರು ನೆಲಕ್ಕಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆ, ಟಾರ್ಕ್ ರೆಂಚ್‌ನಲ್ಲಿ, ಮ್ಯಾನುಯಲ್ ಹೇಳಿದಷ್ಟು ಬಿಗಿಯಬೇಕು. “ಯಾರೂ ಹಂಗೆ ಮಾಡಲ್ಲ” ಅಂದರು ಮೆಕ್ಯಾನಿಕ್ ಅಣ್ಣ. ಆದರೂ ಮಾಡಿಕೊಟ್ಟರು.

ಶಾಕ್ ತುದಿಯ ಪಿಲ್ಲೋ ಬಾಲ್ ಮೌಂಟ್ ಮಾತ್ರ ಹಾಗೇ ಇದೆ. ಅದು ಲೋಹಕ್ಕೆ ಲೋಹ, ರಬ್ಬರ್ ಇಲ್ಲ, ಹಾಗಾಗಿ ರಸ್ತೆಯ ಗೊರಗೊರ ಸ್ವಲ್ಪ ಒಳಗೆ ಬರುತ್ತೆ. ರಬ್ಬರ್ ಮೌಂಟ್‌ಗೆ ಬದಲಾಯಿಸಿ ಅಂದೆವು. ಚಿಕ್ಕಪ್ಪ, “ಇರಲಿ ಬಿಡ್ರೋ, ಸ್ಟೀರಿಂಗ್ ಚೆನ್ನಾಗಿದೆ” ಅಂದರು. ಅಜ್ಜಿ ಮುಂದಿನ ವಾರ ಕಾರಿನಲ್ಲೇ ಹೋದರು. ಈಗ ಅವರ ದೂರು ಸೀಟು ತೀರಾ ಕೆಳಗಿದೆ, ಏಳೋಕಾಗಲ್ಲ ಅಂತ. ಅದಕ್ಕೆ ನಮ್ಮ ಹತ್ತಿರ ಪಾನ ಇಲ್ಲ.