ಆರೋಪಿ ಸಿಗದಿದ್ದರೂ ಪರಿಹಾರ ಉಂಟು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳೆಲ್ಲ ಕಾಯಿಲೆಯವೇ ಆಗಿರುವುದಿಲ್ಲ. ಹೃದಯ, ಕಿಡ್ನಿ, ಕ್ಯಾನ್ಸರ್‌ಗಳ ನಡುವೆ ಕೆಲವು ಬೇರೆ ಥರದವೂ ಬರುತ್ತವೆ. ರಾತ್ರಿ ಹೋಟೆಲ್ ಮುಚ್ಚಿ ಹೆದ್ದಾರಿ ದಾಟುವಾಗ ಯಾವುದೋ ಟೆಂಪೊ ಹೊಡೆದು ಓಡಿಹೋಗಿರುತ್ತದೆ. ಸರಗಳ್ಳ ದೂಡಿದ್ದಕ್ಕೆ ವಯಸ್ಸಾದ ತಾಯಿಯ ಸೊಂಟ ಮುರಿದಿರುತ್ತದೆ. ಇಂಥವರಿಗೆ ಸರಕಾರದಿಂದ ಹಣ ಬರಲು ಕಾನೂನಿದೆ. ಆದರೆ ನಮ್ಮ ಕಚೇರಿಯ ಮೆಟ್ಟಿಲು ಹತ್ತುವವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ನಾನು ವಕೀಲನಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ಕಾಗದಪತ್ರ ನೋಡುವ ಅಭ್ಯಾಸದಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಪರಾಧ ಮಾಡಿದವನಿಗೆ ಕೋರ್ಟು ದಂಡ ಹಾಕಿ, ಅದರಿಂದ ನೊಂದವರಿಗೆ ಕೊಡಿಸುವುದು ಹಳೆಯ ಪದ್ಧತಿ. ಅವನು ಸಿಗದಿದ್ದರೆ, ಸಿಕ್ಕರೂ ಬರಿಗೈಯವನಾಗಿದ್ದರೆ ಏನು ಗತಿ? ಇದಕ್ಕಾಗಿಯೇ ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಂ ಸೇರಿಸಿದರು. ಅದು 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಷಯ 396ನೇ ಕಲಂ ಆಗಿದೆ. ಇದರ ಪ್ರಕಾರ ಪ್ರತಿ ರಾಜ್ಯವೂ ನಿಧಿ ಇಡಬೇಕು. ಎಷ್ಟು ಕೊಡಬೇಕೆಂದು ನಿರ್ಧರಿಸುವುದು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರ. ಆರೋಪಿ ಯಾರೆಂದೇ ಗೊತ್ತಾಗದೆ ಮೊಕದ್ದಮೆ ನಡೆಯದಿದ್ದರೂ ನೊಂದವರು ಅಥವಾ ಅವರ ಅವಲಂಬಿತರು ನೇರವಾಗಿ ಅರ್ಜಿ ಕೊಡಬಹುದು. ಆರೋಪಿ ಖುಲಾಸೆಯಾದರೂ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅರ್ಜಿ ಬಂದ ಮೇಲೆ ವಿಚಾರಣೆ 2 ತಿಂಗಳಲ್ಲಿ ಮುಗಿಯಬೇಕೆಂದು ಕಾನೂನು ಹೇಳುತ್ತದೆ. ನಿಜದಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂಬುದು ಸರಕಾರಿ ಕಚೇರಿಗೆ ಅಲೆದವರಿಗೆ ಹೇಳಬೇಕಾಗಿಲ್ಲ.

ಆಸ್ಪತ್ರೆಗೆ ಸಂಬಂಧಿಸಿದ ಒಂದು ಸಾಲು ಇದರಲ್ಲೇ ಇದೆ, ಅದನ್ನು ಯಾರೂ ಓದುವುದಿಲ್ಲ. ಠಾಣೆಯ ಉಸ್ತುವಾರಿ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರು ಒಂದು ಪ್ರಮಾಣಪತ್ರ ಕೊಟ್ಟರೆ, ತಕ್ಷಣದ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಸೌಲಭ್ಯ ಉಚಿತವಾಗಿ ದೊರೆಯುವಂತೆ ಪ್ರಾಧಿಕಾರವು ಆದೇಶಿಸಬಹುದು, ಮಧ್ಯಂತರ ಪರಿಹಾರವನ್ನೂ ಕೊಡಬಹುದು. ಆಸಿಡ್ ದಾಳಿ ಮತ್ತು ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಇಷ್ಟೂ ಬೇಡ. ಸರಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ನಿರಾಕರಿಸಿದರೆ ಆಸ್ಪತ್ರೆಯ ಉಸ್ತುವಾರಿ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ‘ಮೊದಲು ಡಿಪಾಸಿಟ್ ಕಟ್ಟಿ’ ಎನ್ನುವ ಕೌಂಟರಿನಲ್ಲಿ ಈ ಮಾತನ್ನು ಮೆಲ್ಲಗೆ, ಮರ್ಯಾದೆಯಿಂದ ಹೇಳಿ ನೋಡಿ.

ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ಮಾಡಿದ ಯೋಜನೆಯಲ್ಲಿ ಮೊತ್ತಗಳು ಸ್ಪಷ್ಟವಾಗಿವೆ. ಜೀವಹಾನಿಗೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ರೂಪಾಯಿ. ಸಾಮಾನ್ಯವಾಗಿ ಇದರಲ್ಲಿ ಶೇ. 75 ಠೇವಣಿಯಾಗಿ ಬ್ಯಾಂಕಿನಲ್ಲಿ ಇರುತ್ತದೆ, ಶೇ. 25 ಕೈಗೆ ಬರುತ್ತದೆ. ಠೇವಣಿಯ ಷರತ್ತನ್ನು ಕೆಲವರು ದೂರುತ್ತಾರೆ. ಇಡಿಗಂಟು ಬಂದ ಮನೆಗೆ ಬಂಧುಗಳು ಹೇಗೆ ಬಂದು ಕೂರುತ್ತಾರೆಂದು ಕೌಂಟರಿನ ಆಚೆಯಿಂದ ನೋಡಿದವನಾದ್ದರಿಂದ ನನಗೆ ಅದು ಸರಿಯೆಂದೇ ಕಾಣುತ್ತದೆ.

ಇನ್ನು ಹೊಡೆದು ಓಡಿಹೋದ ವಾಹನದ ವಿಷಯ. ನಮ್ಮಲ್ಲಿಗೆ ಹೆಚ್ಚು ಬರುವುದು ಇದೇ. ಇದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಬೇರೆಯೇ ಯೋಜನೆಯಿದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೆ ಮುಂಚೆ ಇದು 25,000 ಮತ್ತು 12,500 ಮಾತ್ರ ಇತ್ತು. ಅರ್ಜಿಯನ್ನು ಅಪಘಾತ ನಡೆದ ತಾಲೂಕಿನ ತಹಸೀಲ್ದಾರರು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ ಕೊಡಬೇಕು. ಜಿಲ್ಲಾಧಿಕಾರಿ ಮಂಜೂರು ಮಾಡಿದ ಮೇಲೆ ಹಣ ನೇರ ಖಾತೆಗೆ ಬರುತ್ತದೆ.

ಕುಂದಾಪುರ ಕಡೆಯ ಒಬ್ಬ ಹುಡುಗನಿಗೆ ಪನವೇಲ್ ಹತ್ತಿರ ಹೀಗೆ ಕಾಲು ಮುರಿದಿತ್ತು. ‘ಗಾಡಿ ನಂಬರೇ ಇಲ್ಲ, ದೂರು ಏನು ಬರೆಯುವುದು’ ಎಂದು ಠಾಣೆಯಲ್ಲಿ ಕಳಿಸಿಬಿಟ್ಟಿದ್ದರು. ತಂದೆ ಅವನನ್ನು ಊರಿಗೆ ಕರೆದೊಯ್ಯಲು ಬಸ್ ಟಿಕೆಟ್ ತೆಗೆದಿದ್ದರು. ನಮ್ಮ ಸಮಿತಿಯವರು ತಡೆದು, ಮೊದಲು ಎಫ್‌ಐಆರ್ ಮಾಡಿಸಿದರು. ನಂಬರ್ ಇಲ್ಲದಿದ್ದರೂ ಎಫ್‌ಐಆರ್ ಆಗುತ್ತದೆ. ಯಾವ ಠಾಣೆಯ ವ್ಯಾಪ್ತಿಯೆಂದು ನೋಡದೆ ದಾಖಲಿಸಿಕೊಳ್ಳಬೇಕು, ನೊಂದವರಿಗೆ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅರ್ಜಿ ಹೋದದ್ದು ಪನವೇಲ್ ತಹಸೀಲ್ದಾರರಿಗೆ. ಮುಂಬಯಿಯಲ್ಲೂ ಕುಂದಾಪುರದಲ್ಲೂ ಅದು ನಡೆಯುತ್ತಿರಲಿಲ್ಲ. ಹಣ ಬಂತು, ತಡವಾಗಿ. ವಾಹನ ಒಂದು ತಿಂಗಳಲ್ಲಿ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಗಾಯಾಳುವಿಗೆ ಪೊಲೀಸರೇ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದೆ.

ರಸ್ತೆ ಅಪಘಾತಕ್ಕೆ 2025ರ ಮೇ 5ರಿಂದ ಇನ್ನೊಂದು ಅನುಕೂಲ ಬಂದಿದೆ. ನಿಗದಿಯಾದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ. ದಾಖಲು ಮಾಡುವಾಗಲೇ ಕೇಳಬೇಕು.

ಕಾಗದಗಳ ಬಗ್ಗೆ ಒಂದು ಮಾತು. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಎಂಎಲ್‌ಸಿ ನಂಬರ್, ಡಿಸ್ಚಾರ್ಜ್ ಕಾರ್ಡ್, ಔಷಧದ ಪ್ರತಿಯೊಂದು ಬಿಲ್ಲು, ಗಾಯಾಳುವಿನ ಸ್ವಂತ ಹೆಸರಿನ ಪಾಸ್‌ಬುಕ್ ಜೋಪಾನ. ‘ಬಿದ್ದು ಪೆಟ್ಟಾಯಿತು’ ಎಂದು ಕೇಸ್ ಪೇಪರಿನಲ್ಲಿ ಬರೆಸಿದರೆ ಆಮೇಲೆ ಅದನ್ನು ತಿದ್ದಿಸುವುದು ಬಹಳ ಕಷ್ಟ. ನಮ್ಮ ನಿಧಿಗೆ ಝೆರಾಕ್ಸ್ ಸಾಕು, ಅಸಲು ನಿಮ್ಮಲ್ಲೇ ಇರಲಿ. ಮಹಿಳೆಯರು, ಮಕ್ಕಳು, ಅಂಗವಿಕಲರು, ಕಡಿಮೆ ಆದಾಯದವರಿಗೆ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ.

ಹಾಗಾದರೆ ನಮ್ಮ ನಿಧಿ ಏತಕ್ಕೆ ಎಂದು ದಾನಿಗಳೊಬ್ಬರು ಕೇಳಿದರು, ನ್ಯಾಯವಾದ ಪ್ರಶ್ನೆ. ಸರಕಾರದ ಹಣ ತಿಂಗಳುಗಳ ಮೇಲೆ ಬರುತ್ತದೆ, ಮೂಳೆಗೆ ರಾಡ್ ಹಾಕುವುದು ಈ ವಾರವೇ ಆಗಬೇಕು. ಆ ನಡುವಿನ ಹಣ ನಿಮ್ಮದು. ಇಂಥ ಅರ್ಜಿಗಳ ಜೊತೆ ಪರಿಹಾರದ ಅರ್ಜಿಯನ್ನೂ ತುಂಬಿಕೊಡಲು ಪ್ರತಿ ಶನಿವಾರ ಸಂಜೆ ಸಂಘದ ಕಚೇರಿಯಲ್ಲಿ ನಾನು ಇರುತ್ತೇನೆ. ಮರಾಠಿ ಓದಿ ಬರೆಯಬಲ್ಲ ಸದಸ್ಯರು ಇನ್ನಿಬ್ಬರು ಜೊತೆಗೂಡಿದರೆ ತಹಸೀಲ್ ಕಚೇರಿಯ ಕೆಲಸ ಹಗುರಾಗುತ್ತದೆ.