ಕಥೆಯಿಂದ ಹುಟ್ಟಿದ ಹಿರಿಮೆ: ಜಪಾನಿನ ಇತಿಹಾಸ ಕಲಿಸುವ ಪಾಠ

ನಾವು ಎಲ್ಲಿಂದ ಬಂದೆವು, ಯಾವ ದೈವ ನಮ್ಮನ್ನು ಕಾಯುತ್ತದೆ ಎಂಬ ಪ್ರಶ್ನೆಗಳಿಗೆ ಜನಪದವೂ ಧರ್ಮವೂ ಎಲ್ಲ ನಾಡುಗಳಲ್ಲಿ ಉತ್ತರ ನೀಡುತ್ತ ಬಂದಿವೆ. ಆ ಉತ್ತರಗಳು ಜನರನ್ನು ಒಂದುಗೂಡಿಸುತ್ತವೆ, ಕಷ್ಟಕಾಲದಲ್ಲಿ ಧೈರ್ಯ ತುಂಬುತ್ತವೆ. ಆದರೆ ಅವೇ ಕಥೆಗಳು 'ನಾವು ಉಳಿದವರಿಗಿಂತ ಮೇಲು' ಎಂಬ ಅಹಂಕಾರಕ್ಕೆ ಆಧಾರವಾಗುವುದೂ ಉಂಟು. ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಆಧುನಿಕ ಜಪಾನಿನ ಇತಿಹಾಸ ಸ್ಪಷ್ಟ ನಿದರ್ಶನ.

ಕ್ರಿ.ಶ. 712ರ 'ಕೊಜಿಕಿ' ಮತ್ತು 720ರ 'ನಿಹೊನ್ ಶೊಕಿ' ಗ್ರಂಥಗಳು ಜಪಾನಿನ ಅರಸುಮನೆತನವು ಸೂರ್ಯದೇವತೆ ಅಮತೆರಸುವಿನ ಸಂತತಿಯೆಂದು ಹೇಳುತ್ತವೆ. ಆದರೆ ಮುಂದೆ ಹಲವು ಶತಮಾನಗಳ ಕಾಲ ಆಡಳಿತವಿದ್ದುದು ಶೋಗನ್ ಎಂಬ ಸೇನಾಧಿಪತಿಗಳ ಕೈಯಲ್ಲಿ. ಸಾಮಾನ್ಯ ಜನರು ತಮ್ಮ ಗ್ರಾಮದೈವವನ್ನೂ ಬುದ್ಧನನ್ನೂ ಒಟ್ಟಿಗೆ ಪೂಜಿಸುತ್ತಿದ್ದರು.

1868ರಲ್ಲಿ ಮೇಜಿ ಆಡಳಿತ ಆರಂಭವಾದಾಗ ಈ ಸ್ಥಿತಿ ಬದಲಾಯಿತು. ಹೊಸ ಸರ್ಕಾರ ಶಿಂಟೋ ಪದ್ಧತಿಯನ್ನು ಬೌದ್ಧಧರ್ಮದಿಂದ ಬೇರ್ಪಡಿಸಿತು. ಆ ಗದ್ದಲದಲ್ಲಿ ಅನೇಕ ಬುದ್ಧಮೂರ್ತಿಗಳು ನಾಶವಾದವು. 1889ರ ಸಂವಿಧಾನ ಚಕ್ರವರ್ತಿಯನ್ನು ಪವಿತ್ರನೆಂದು ಘೋಷಿಸಿತು. 1890ರ ಶಿಕ್ಷಣಾಜ್ಞೆಯನ್ನು ಶಾಲೆಗಳಲ್ಲಿ ಭಕ್ತಿಯಿಂದ ಓದಲಾಗುತ್ತಿತ್ತು. ಪುರಾಣವು ಇತಿಹಾಸದ ಪಾಠವಾಯಿತು.

ಜನಪದ ಕಥೆಯೂ ಇದೇ ದಾರಿ ಹಿಡಿಯಿತು. ಪೀಚ್ ಹಣ್ಣಿನಿಂದ ಹುಟ್ಟಿದ ಬಾಲಕ ಮೊಮೊತಾರೊ ನಾಯಿ, ಕೋತಿ ಮತ್ತು ಫೆಸೆಂಟ್ ಹಕ್ಕಿಯ ಜೊತೆಗೂಡಿ ರಾಕ್ಷಸರ ದ್ವೀಪವನ್ನು ಗೆಲ್ಲುವ ಕಥೆ ಅಲ್ಲಿ ಮನೆಮಾತು. ಅಜ್ಜಿಯರು ಹೇಳುತ್ತಿದ್ದ ಈ ಕಥೆ ಮೇಜಿ ಕಾಲದಲ್ಲಿ ಪಠ್ಯಪುಸ್ತಕ ಸೇರಿತು. ಯುದ್ಧಕಾಲದಲ್ಲಿ ಅದರ ರಾಕ್ಷಸರಿಗೆ ಶತ್ರುದೇಶದವರ ಮುಖ ಬಂದಿತು. 1943ರ ಒಂದು ಆನಿಮೇಷನ್ ಚಿತ್ರದಲ್ಲಿ ಪರ್ಲ್ ಹಾರ್ಬರ್ ದಾಳಿಯೇ ರಾಕ್ಷಸದ್ವೀಪದ ಮೇಲಿನ ವಿಜಯವಾಗಿ ಮಕ್ಕಳ ಮುಂದೆ ಬಂದಿತು. ಈ ಅಪಾಯವನ್ನು ಮೊದಲೇ ಕಂಡವನಂತೆ ಲೇಖಕ ಅಕುತಗಾವ 1924ರಲ್ಲಿಯೇ ಕಥೆಯನ್ನು ತಿರುಗಿಸಿ ಬರೆದಿದ್ದನು: ಅವನ ಕಥೆಯಲ್ಲಿ ರಾಕ್ಷಸರು ಶಾಂತಿಪ್ರಿಯರು, ಮೊಮೊತಾರೊ ಆಕ್ರಮಣಕಾರ.

ಹಿರಿಮೆಯ ಈ ಭಾವನೆಗೆ ಬೆಲೆ ತೆತ್ತವರು ಹಲವರು. ವಶಪಡಿಸಿಕೊಂಡ ಕೊರಿಯಾದಲ್ಲಿ ಶಿಂಟೋ ಗುಡಿಗಳಲ್ಲಿ ನಮಿಸುವಂತೆ ಜನರನ್ನು ಬಲವಂತಪಡಿಸಲಾಯಿತು. ನಿರಾಕರಿಸಿದ ಕ್ರೈಸ್ತರು ಸೆರೆಮನೆ ಸೇರಿದರು. ದೇವಯುಗದ ಕಥನಗಳು ಇತಿಹಾಸವಲ್ಲವೆಂದು ತೋರಿಸಿದ ವಿದ್ವಾಂಸ ತ್ಸುದಾ ಸೋಕಿಚಿಯ ಕೃತಿಗಳು 1940ರಲ್ಲಿ ನಿಷೇಧಕ್ಕೊಳಗಾದವು. ಸೋಲಿನ ನಂತರ, 1946ರ ಜನವರಿ 1ರಂದು, ಚಕ್ರವರ್ತಿಯೇ ತನ್ನ ದೈವತ್ವವನ್ನೂ ಜಪಾನೀಯರು ಇತರರಿಗಿಂತ ಶ್ರೇಷ್ಠರೆಂಬ ಭಾವನೆಯನ್ನೂ ಸುಳ್ಳು ಕಲ್ಪನೆಗಳೆಂದು ನಿರಾಕರಿಸಬೇಕಾಯಿತು.

ಇಸೆಯ ಗುಡಿಯಲ್ಲಿ ಅಮತೆರಸುವಿಗೆ ಇಂದಿಗೂ ಪೂಜೆ ನಡೆಯುತ್ತದೆ. ಮೊಮೊತಾರೊನ ಕಥೆಯನ್ನು ಮಕ್ಕಳು ಇಂದಿಗೂ ಕೇಳುತ್ತಾರೆ. ಅವುಗಳಿಂದ ಯಾರಿಗೂ ಕೇಡಿಲ್ಲ. ಕಥೆಯನ್ನು ಇತಿಹಾಸವೆಂದು ಸಾರಿ, ಪ್ರಶ್ನಿಸುವವರ ಬಾಯಿ ಕಟ್ಟಿ, ನೆರೆಯವರನ್ನು ರಾಕ್ಷಸರ ಸ್ಥಾನದಲ್ಲಿ ನಿಲ್ಲಿಸಿದಾಗ ಕೇಡು ಆರಂಭವಾಗುತ್ತದೆ. ಈ ಮೂರೂ ಕೆಲಸಗಳನ್ನು ಮಾಡುವವರು ಎಲ್ಲ ನಾಡುಗಳಲ್ಲಿಯೂ ಇರುತ್ತಾರೆ. ಆದುದರಿಂದ ನಮ್ಮ ಮಕ್ಕಳಿಗೆ ನಮ್ಮ ಕಥೆಗಳನ್ನು ಪ್ರೀತಿಯಿಂದಲೇ ಹೇಳೋಣ. ಜೊತೆಗೆ, ಈ ಕಥೆಯಲ್ಲಿ ಕೀಳೆಂದು ಚಿತ್ರಿತರಾದವರು ಯಾರು, ಅವರ ಮನೆಯಲ್ಲಿ ಇದೇ ಕಥೆಯನ್ನು ಹೇಗೆ ಹೇಳುತ್ತಾರೆ ಎಂದು ಕೇಳುವುದನ್ನೂ ಕಲಿಸೋಣ.