ಪಿಯಾನೋಗೂ ಆರ್ಗನ್‌ಗೂ ಒಂದೇ ಕೀಬೋರ್ಡ್ ಸಾಕಾ?

ನಮ್ಮ ಮ್ಯೂಸಿಕ್ ಟೀಮಿನ ಹಳೇ ಕೀಬೋರ್ಡ್‌ನ ಸ್ಪೀಕರ್ ಕಳೆದ ಸೆಮಿಸ್ಟರ್‌ನಲ್ಲಿ ಕೈಕೊಟ್ಟಿತು. ಎಲ್ಲರೂ ದುಡ್ಡು ಹಾಕಿದೆವು. ಒಂದು ಹೊಸದಕ್ಕೆ ಸಾಕಾಗುವಷ್ಟು ಸೇರಿತು, ಎರಡಕ್ಕಲ್ಲ. ನುಡಿಸುವವರು ಮಾತ್ರ ಇಬ್ಬರು. ಒಬ್ಬಳು ಪಿಯಾನೋ ಗ್ರೇಡ್ ಪರೀಕ್ಷೆಗೆ ತಯಾರಾಗ್ತಿದ್ದಾಳೆ, ಹಾಸ್ಟೆಲ್‌ನಲ್ಲಿ ಅವಳ ಪ್ರಾಕ್ಟೀಸ್‌ಗೆ ಬೇರೆ ವಾದ್ಯವಿಲ್ಲ. ಇನ್ನೊಬ್ಬ ಹಾರ್ಮೋನಿಯಂನಿಂದ ಶುರು ಮಾಡಿ ಈಗ ಬ್ಯಾಂಡಿನಲ್ಲಿ ಆರ್ಗನ್ ನುಡಿಸ್ತಾನೆ. "ಕೀ ಅಂದ್ರೆ ಕೀ, ಅದರಲ್ಲೇನು ವ್ಯತ್ಯಾಸ?" ಅಂದುಕೊಂಡಿದ್ದೆವು. ಅಂಗಡಿಗೆ ಹೋದ ಮೇಲೆ ಗೊತ್ತಾಯ್ತು.

ಪಿಯಾನೋದ ಕೀ ಒತ್ತಿದರೆ ಒಳಗೊಂದು ಸುತ್ತಿಗೆ ಚಿಮ್ಮಿ ತಂತಿಗೆ ಬಡಿಯುತ್ತದೆ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ರೂಪಿಸಿದ ಉಪಾಯ ಇದು. ಸುತ್ತಿಗೆಯ ವೇಗ ಹೆಚ್ಚಿದಷ್ಟೂ ದನಿ ಜೋರು. ಬೆರಳಿಗೆ ಸಿಗುವ ಆ ಭಾರವೇ ನುಡಿಸುವವರ ಹಿಡಿತ. ಡಿಜಿಟಲ್ ಪಿಯಾನೋದ 'ಹ್ಯಾಮರ್ ಆಕ್ಷನ್' ಇದೇ ಭಾರವನ್ನು ಅನುಕರಿಸುತ್ತದೆ. ಕೀ ಕೆಳಗೆ ಕನಿಷ್ಠ ಎರಡು ಸೆನ್ಸರ್ ಇರುತ್ತವೆ. ಅವುಗಳ ಅಂತರ 2 ಮಿ.ಮೀ., ಕೀ ಅದನ್ನು ದಾಟಲು ತೆಗೆದುಕೊಂಡದ್ದು 4 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 0.5 ಮೀಟರ್. ಇದನ್ನೇ 1ರಿಂದ 127ರೊಳಗಿನ ಒಂದು ಮಿಡಿ ಸಂಖ್ಯೆಯಾಗಿ ಕಳಿಸುತ್ತದೆ.

ಆರ್ಗನ್‌ಗೆ ಈ ವೇಗದ ಲೆಕ್ಕ ಬೇಡ. ಅಲ್ಲಿ ಕೀ ಒಂದು ಸ್ವಿಚ್ ಅಷ್ಟೇ. 1935ರಲ್ಲಿ ಬಂದ ಹ್ಯಾಮಂಡ್ ಆರ್ಗನ್‌ನಲ್ಲಿ ಕೀ ಒತ್ತಿದರೆ 9 ಸಂಪರ್ಕಗಳು ಕೂಡಿಕೊಳ್ಳುತ್ತವೆ, ದನಿ ಏರಿಳಿಸೋದು ಕಾಲಿನ ಪೆಡಲ್. ನಮ್ಮ ಹಾರ್ಮೋನಿಯಂ ಕೂಡ ಹೀಗೇ, ಜೋರು ಬೇಕಿದ್ದರೆ ತಿದಿ ಒತ್ತಬೇಕು. ಹಾಗಾಗಿ ಆರ್ಗನ್‌ಗೆ ಹಗುರವಾದ, ತಟ್ಟನೆ ಮೇಲೇಳುವ ಸ್ಪ್ರಿಂಗ್ ಕೀ ಬೇಕು. ಅಂಗೈಯಿಂದ ಸರ್ರನೆ ಉಜ್ಜಿಕೊಂಡು ಹೋಗುವಾಗ ಚರ್ಮ ತರಚದಂತೆ ಮುಂಭಾಗ ದುಂಡಗಿರಬೇಕು. ಇದಕ್ಕೆ 'ವಾಟರ್‌ಫಾಲ್ ಕೀ' ಅನ್ನುತ್ತಾರೆ.

ನಡುವಿನ ದಾರಿ 'ಸೆಮಿ-ವೆಯ್ಟೆಡ್': ಸ್ಪ್ರಿಂಗ್ ಜೊತೆ ಸ್ವಲ್ಪ ತೂಕ. ಎರಡನ್ನೂ ತಕ್ಕಮಟ್ಟಿಗೆ ನುಡಿಸಬಹುದು, ಹೊರೋದೂ ಸುಲಭ. ವೇದಿಕೆಗಷ್ಟೇ ಆಗಿದ್ದರೆ ಅದನ್ನೇ ತರ್ತಿದ್ದೆವು. ಆದರೆ ಹಗುರ ಕೀ ಮೇಲಷ್ಟೇ ಅಭ್ಯಾಸ ಮಾಡಿದ ಬೆರಳು ಪರೀಕ್ಷೆಯ ದಿನ ನಿಜವಾದ ಪಿಯಾನೋ ಮುಂದೆ ಸೋಲುತ್ತದೆ.

ನೀವು ಕೊಳ್ಳೋದಾದ್ರೆ ಅಂಗಡಿಯಲ್ಲೇ ನಾಲ್ಕು ಕೆಲಸ ಮಾಡಿ. ಆದಷ್ಟು ಮೆಲ್ಲಗೆ ಒತ್ತಿ, ಮೆಲು ದನಿ ನಿಮ್ಮ ಹಿಡಿತಕ್ಕೆ ಸಿಗುತ್ತದಾ ನೋಡಿ. ಒಂದೇ ಕೀಯನ್ನು ಎರಡು ಬೆರಳಲ್ಲಿ ಪಟಪಟ ಬಡಿಯಿರಿ, ಸ್ವರ ತಪ್ಪಬಾರದು. ಬಿಳಿ ಕೀಯನ್ನು ಕಪ್ಪು ಕೀಗಳ ನಡುವೆ, ಒಳಗಡೆ ಒತ್ತಿ ನೋಡಿ. ಕೀಲಿನ ಬಿಂದು ಹತ್ತಿರವಿದ್ದರೆ ಅಲ್ಲಿ ತೀರಾ ಬಿಗಿಯಾಗಿರುತ್ತದೆ (ಸನ್ನೆಕೋಲಿನ ತತ್ವ!). ಕೊನೆಗೆ ಆರ್ಗನ್ ದನಿ ಹಾಕಿ ಕೀಯನ್ನು ಅರ್ಧ ಮಾತ್ರ ಒತ್ತಿ. ಕೆಲವು ಮಾದರಿಗಳು ಮೇಲಿನ ಸೆನ್ಸರ್‌ಗೇ ನುಡಿಯುತ್ತವೆ, ಆರ್ಗನ್‌ಗೆ ಅದೇ ಚೆನ್ನ.

ನಾವು ತಂದದ್ದು ಹ್ಯಾಮರ್ ಆಕ್ಷನ್. ಹಾಗಾದ್ರೆ ಆರ್ಗನ್‌ನವನ ಗತಿ? ಆಕ್ಷನ್ ಬೇರೆ, ದನಿ ಬೇರೆ ಅನ್ನೋದು ಆಗ ಹೊಳೆಯಿತು. ಹಳೇ ಕೀಬೋರ್ಡ್‌ನ ಸ್ಪೀಕರ್ ಸತ್ತಿದ್ದರೂ ಸ್ಪ್ರಿಂಗ್ ಕೀಗಳು, ಮಿಡಿ ಔಟ್ ಸರಿಯಾಗೇ ಇದ್ದವು. ಒಂದು ಮಿಡಿ ಕೇಬಲ್ ಎಳೆದು ಹೊಸದರ ಮಿಡಿ ಇನ್‌ಗೆ ಸೇರಿಸಿದೆವು. ಈಗ ಮೇಲೆ ಹಳೆಯದು, ಕೆಳಗೆ ಹೊಸದು. ಮೇಲೆ ಒತ್ತಿದರೆ ಕೆಳಗಿನದರ ಆರ್ಗನ್ ನುಡಿಯುತ್ತದೆ. ಗುಜರಿಗೆ ಹಾಕೋಣ ಅಂದಿದ್ದ ಕೀಬೋರ್ಡ್ ಅದು!